ಒಂಬತ್ತು ನಿಮಿಷದ ಲೆಕ್ಕ

ಬೆಳಗ್ಗೆ ಐದೂಮುಕ್ಕಾಲಿಗೆ ಕಾವಲಗೆರೆ ನಗರ ನೆಲದಡಿಯಲ್ಲಿ ಸಿಳ್ಳೆ ಹಾಕುತ್ತದೆ. ಹನ್ನೊಂದು ಸಾವಿರದ ನಾನೂರು ಮ್ಯಾನ್‌ಹೋಲ್ ಮುಚ್ಚಳಗಳ ಒಳಬದಿಗೆ ಅಂಟಿಕೊಂಡಿರುವ ಅಂಗೈಯಗಲದ ಡಬ್ಬಿಗಳು ಒಂದಾದ ಮೇಲೊಂದು ಕೊಳವೆಯೊಳಕ್ಕೆ ಕೂಗುತ್ತವೆ. ಆ ಕೂಗು ಗೋಡೆಗೆ, ನೀರಿಗೆ, ಕಟ್ಟಿಕೊಂಡ ಕಸಕ್ಕೆ ಬಡಿದು ಮರಳುವುದನ್ನು ಕೇಳಿಸಿಕೊಳ್ಳುತ್ತವೆ. ಮನುಷ್ಯರಿಗೆ ಇದು ಕೇಳುವುದಿಲ್ಲ, ನಾಯಿಗಳಿಗೆ ಕೇಳುತ್ತದೆ. ಮೊದಲ ವರ್ಷ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿ, ಜನ ಪಾಲಿಕೆಗೆ ದೂರು ಬರೆದಿದ್ದರು. ಈಗ ನಾಯಿಗಳು ಒಂದು ಸಲ ಕಿವಿ ನಿಮಿರಿಸಿ ಮತ್ತೆ ಮಲಗುತ್ತವೆ. ಅದನ್ನು ಕಂಡು ಹೆಂಗಸರು ಹಾಲು ಒಲೆಗಿಡುತ್ತಾರೆ.

ಆ ಡಬ್ಬಿಗೆ ಕಡತದಲ್ಲಿ ಉದ್ದನೆಯ ಹೆಸರಿದೆ. ಊರು ಅದನ್ನು ಕಿವಿ ಅನ್ನುತ್ತದೆ.

ಕಿವಿಯ ಹಿಂದಿನ ಗಣಿತ ನೀಲವೇಣಿಯದು. ಹಣ್ಣಿನಂಗಡಿಯಲ್ಲಿ ಕಲ್ಲಂಗಡಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಕುಯ್ಯದೆಯೇ ಒಳಗು ಹೇಗಿದೆಯೆಂದು ತಿಳಿಯುತ್ತೇವಲ್ಲ, ಆ ಕೆಲಸಕ್ಕೆ ಗಣಿತದಲ್ಲಿ ವಿಲೋಮ ಸಮಸ್ಯೆ ಎಂದು ಹೆಸರು. ಹೊರಗೆ ಬಂದ ಸದ್ದಿನಿಂದ ಒಳಗನ್ನು ಕಟ್ಟಿಕೊಳ್ಳುವುದು. ಸದ್ದು ಒಳ್ಳೆಯ ಗಾಳಿಯಲ್ಲಿ ಓಡುವ ವೇಗವೇ ಬೇರೆ, ವಿಷದ ಗಾಳಿ ಬೆರೆತಾಗ ಓಡುವ ವೇಗವೇ ಬೇರೆ. ಕಸದ ಗಡ್ಡೆಗೆ ತಾಗಿ ಮರಳುವ ಸದ್ದಿನ ಬಣ್ಣ ಇನ್ನೂ ಬೇರೆ. ಇಷ್ಟರಿಂದ ಕಿವಿ ಹೇಳುತ್ತದೆ: ಇಲ್ಲಿಂದ ಹನ್ನೊಂದು ಮೀಟರ್ ಆಚೆ ಕಟ್ಟಿಕೊಂಡಿದೆ, ಗಡ್ಡೆ ಇಷ್ಟು ದಪ್ಪ, ವಿಷ ಇಷ್ಟು.

ನೀಲವೇಣಿಗೆ ನಲವತ್ತೊಂಬತ್ತು ವರ್ಷ. ಅವಳ ಅಪ್ಪ ಗುಂಡಿಗೆ ಇಳಿದು ಮೇಲೆ ಬಾರದೆ ಹೋದಾಗ ಒಂಬತ್ತು. ಜೋಡುಬಾವಿ ಕೇರಿಯ ಸಂಘದ ಕೋಣೆಯಲ್ಲಿ ಪ್ರತಿ ಭಾನುವಾರ ಓದುಬಳಗ ಕೂಡುತ್ತಿತ್ತು. ಓದಲು ಬರುವವರು ಓದಬೇಕು, ಬಾರದವರು ಪ್ರಶ್ನೆ ಕೇಳಬೇಕು, ಒಂದಾದರೂ ಪ್ರಶ್ನೆ ಹುಟ್ಟದೆ ಯಾವ ಪುಸ್ತಕವನ್ನೂ ಮಡಚಿಡುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಹನ್ನೊಂದನೆಯ ವಯಸ್ಸಿಗೆ ಅವಳು ಅಲ್ಲಿ ದೊಡ್ಡವರಿಗೆ ಕಾನೂನು ಓದಿ ಹೇಳುತ್ತಿದ್ದಳು: ಮನುಷ್ಯರನ್ನು ಗುಂಡಿಗೆ ಇಳಿಸುವುದು ಅಪರಾಧ. 'ಅಂಗಾರೆ ನಾಳೆ ನನ್ನ ಯಾಕ್ ಕರ್ದವ್ರೆ?' ಎಂದು ಕೂತವರಲ್ಲೊಬ್ಬರು ಕೇಳಿದ್ದರು. ಆ ಪುಸ್ತಕ ಮಡಚಿಡುವ ಯೋಗ್ಯತೆ ಪಡೆದದ್ದು ಹಾಗೆ.

ಅಲ್ಲಿಂದ ಅವಳು ಪದವಿಗೆ, ಸಂಶೋಧನೆಗೆ, ದೂರದ ಸಂಸ್ಥೆಗಳಿಗೆ ಹೋದಳು. ಹದಿನಾಲ್ಕು ವರ್ಷ ಕಡಲಡಿಯ ಎಣ್ಣೆಯನ್ನೂ ಸಿರಿವಂತರ ಎದೆಯ ರಕ್ತನಾಳಗಳನ್ನೂ ತಟ್ಟಿ ಕೇಳುವ ಸಮೀಕರಣ ಬರೆದಳು. ಮಂಗಳನ ನೆಲದಡಿ ನೀರಿದೆಯೇ ಎಂದು ಕೇಳಲು ದೇಶದೇಶಗಳು ಯಂತ್ರ ಕಳಿಸುತ್ತಿದ್ದ ಕಾಲವದು. ಜೋಡುಬಾವಿಯ ಗಂಡಸರು ಇಳಿಯುವ ಗುಂಡಿ ಮಾತ್ರ ಮಂಗಳಕ್ಕಿಂತ ದೂರವಿತ್ತು. ವಿಜ್ಞಾನಕ್ಕೆ ಜಾತಿಯಿಲ್ಲ ಎನ್ನುತ್ತಾರೆ. ಇಲ್ಲದಿರಬಹುದು. ಅದಕ್ಕೆ ಯಾವ ಪ್ರಶ್ನೆ ಕೇಳಬೇಕೆಂದು ತೀರ್ಮಾನಿಸುವವರಿಗೆ ಇತ್ತು.

ಅವಳು ಊರಿಗೆ ಮರಳಿ, ಒಳಚರಂಡಿ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಒಂದು ಮೇಜು ಕೇಳಿ ಪಡೆದು, ಐದು ವರ್ಷ ದುಡಿದು ಕಿವಿ ಕಟ್ಟಿದಳು. ಗಡ್ಡೆ ಎಲ್ಲಿದೆಯೆಂದು ಕಿವಿ ಹೇಳಿದ ಕಡೆಗೆ ಹೀರುಯಂತ್ರದ ಲಾರಿ ಹೋಗುತ್ತದೆ, ಸೊಂಡಿಲು ಇಳಿಸುತ್ತದೆ, ಬರುತ್ತದೆ. ಆರು ವರ್ಷದಿಂದ ಕಾವಲಗೆರೆಯಲ್ಲಿ ಗುಂಡಿಯೊಳಗೆ ಯಾರೂ ಸತ್ತಿರಲಿಲ್ಲ. ನೀಲವೇಣಿ ಅದನ್ನು ಎಲ್ಲೂ ಹೇಳಿಕೊಂಡವಳಲ್ಲ. ಬೆಳಗ್ಗೆ ನಾಯಿಗಳು ಕಿವಿ ನಿಮಿರಿಸುವ ಹೊತ್ತಿಗೆ ಎದ್ದು ಕೂತು ನಗುವುದು ಅವಳಿಗೆ ರೂಢಿಯಾಗಿತ್ತು, ಅಷ್ಟೆ.

ಸೋಮವಾರ ನಿಯಂತ್ರಣ ಕೊಠಡಿಗೆ ಬಂದಾಗ ಜಬೀನ್ ಅವಳಿಗಾಗಿ ಕಾದಿದ್ದಳು. ಗೋಡೆಯಗಲದ ಪರದೆಯ ಮುಂದೆ ಆರು ವರ್ಷದಿಂದ ಕೂತು, ಮುಚ್ಚಳಗಳ ನಂಬರನ್ನೇ ನೆಂಟರ ಹೆಸರಿನಂತೆ ನೆನಪಿಟ್ಟುಕೊಂಡ ಹೆಂಗಸು ಅವಳು.

'ಮೇಡಂ, ಟೀ ಕುಡಿದು ನೋಡ್ತೀರೋ, ನೋಡಿ ಕುಡೀತೀರೋ?'

'ಏನದು?'

'ನೋಡಿದ್ಮೇಲೆ ಟೀ ಒಳಗೆ ಹೋಗಲ್ಲ. ಅದಕ್ಕೇ ಕೇಳ್ದೆ.'

ಅದೊಂದು ಆದೇಶದ ಹಾಳೆ. ತುರ್ತು ಪ್ರವೇಶ ನಿಯಮದಡಿ. ಮುಚ್ಚಳ 4316, ಬಳೆಗಾರರ ಓಣಿ. ಕಿವಿಯ ಪ್ರಕಾರ ಸುರಕ್ಷಿತ ಅವಧಿ: ಒಂಬತ್ತು ನಿಮಿಷ. ಪ್ರವೇಶಿಸುವ ಸ್ವಯಂಸೇವಕ: ರಾಚಪ್ಪ, ಜೋಡುಬಾವಿ ಕೇರಿ. ಬುಧವಾರ ಬೆಳಗ್ಗೆ ಹತ್ತು ಗಂಟೆ.

ರಾಚಪ್ಪ ಅವಳ ಸೋದರಮಾವ ಚೌಡಯ್ಯನ ಅಳಿಯ.

ಒಂಬತ್ತು ನಿಮಿಷ ಎಂಬ ಅಂಕಿ ಅವಳದೇ. ನಾಲ್ಕು ವರ್ಷದ ಹಿಂದೆ ಗುಂಡಿಗೆ ಬಿದ್ದ ಮೇಕೆಮರಿಯನ್ನು ಎತ್ತಲು ಬಂದಿದ್ದ ಅಗ್ನಿಶಾಮಕದವರು, ಒಳಗೆ ಎಷ್ಟು ಹೊತ್ತು ಇರಬಹುದು ಮೇಡಂ ಎಂದು ಕೇಳಿದ್ದರು. ಅವಳು ಒಂದು ವಾರ ಕೂತು, ವಿಷದ ಪ್ರಮಾಣವನ್ನು ಮನುಷ್ಯನ ಉಸಿರಾಟದ ಲೆಕ್ಕಕ್ಕೆ ಜೋಡಿಸಿ, ಪರದೆಯಲ್ಲಿ ಹೊಸದೊಂದು ಕಾಲಂ ತೆರೆದಿದ್ದಳು. ಪ್ರತಿ ಮುಚ್ಚಳದ ಮುಂದೆ ನಿಮಿಷಗಳು. ಚೆಂದದ ಗಣಿತ ಎಂದು ದೂರದ ಸಹೋದ್ಯೋಗಿಗಳು ಮೆಚ್ಚಿದ್ದರು, ಅವಳಿಗೂ ಹೆಮ್ಮೆಯಿತ್ತು.

'ಊರಲ್ಲಿ ಮೂವತ್ತೆಂಟು ಓಣಿಗೆ ಲಾರಿ ಹೋಗಲ್ಲ,' ಎಂದಳು ಜಬೀನ್. 'ಇಷ್ಟು ದಿನ ಆ ಕಡೆ ಕಟ್ಟಿಕೊಂಡ್ರೆ ಜನ ಬೈಕೊಂಡು ಸುಮ್ನಾಗೋರು. ಈಗ ನಿಮ್ಮ ಕಾಲಂ ಓದೋದು ಕಲ್ತಿದಾರೆ.'

'ಮೂವತ್ತೆಂಟಕ್ಕೂ ಹೆಸರು ಬರೆದಿದಾರಾ?'

'ನಲವತ್ತೊಂದು ಹೆಸರು. ಎಲ್ಲಾ ಒಂದೇ ಕೇರಿ.'

ನೀಲವೇಣಿ ಪಟ್ಟಿ ಓದಿದಳು. ಸ್ವಯಂಪ್ರೇರಣೆ ಎಂಬುದು ಒಂದು ಊರಿನ ಒಂದೇ ಕೇರಿಯಲ್ಲಿ ಹುಟ್ಟುತ್ತದೆ ಎಂದು ಯಾವ ಸಮೀಕರಣ ಹೇಳೀತು? ಸಂಖ್ಯಾಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಈ ಪಟ್ಟಿ ನೋಡಿ, ಇದು ತಾನಾಗಿ ಆದದ್ದಲ್ಲ ಎಂದಾನು.

ಅವಳು ನೇರ ಮುಖ್ಯ ಎಂಜಿನಿಯರ್ ವಿಶ್ವಂಭರ ಅವರ ಕೋಣೆಗೆ ಹೋದಳು. ವಿಶ್ವಂಭರ ಮೆಲುದನಿಯ ಮನುಷ್ಯ. ಬಂದವರಿಗೆ ಕುರ್ಚಿ ತೋರಿಸದೆ ಮಾತಾಡಿದವರಲ್ಲ.

'ಕೂತ್ಕೊಳ್ಳಿ ಡಾಕ್ಟರೇ. ಬಳೆಗಾರರ ಓಣಿ ವಿಷಯ ತಾನೇ? ನಲವತ್ತು ಮನೆಯ ಬಚ್ಚಲಲ್ಲಿ ನೀರು ಹಿಂದಕ್ಕೆ ಬರ್ತಿದೆ. ಎರಡು ಮಕ್ಕಳಿಗೆ ವಾಂತಿಭೇದಿ. ನಾನೇನು ಮಾಡ್ಲಿ, ಹೇಳಿ.'

'ಮನುಷ್ಯರನ್ನ ಇಳಿಸಬೇಡಿ. ಕಿವಿ ಮಾಡಿದ್ದೇ ಅದಕ್ಕೆ.'

'ಇಳಿಸಬಹುದು ಅಂತ ಕಿವೀನೇ ಹೇಳ್ತಿದೆ. ಒಂಬತ್ತು ನಿಮಿಷ. ಕೆಲಸ ಆರು ನಿಮಿಷದ್ದು. ನಾನು ಮೂರು ನಿಮಿಷ ಉಳಿಸ್ಕೊಂಡಿದೀನಿ, ಮುಖವಾಡ ಕೊಡ್ತೀನಿ, ಹಗ್ಗ ಕಟ್ತೀನಿ. ಹಿಂದಿನವರ ಹಾಗೆ ಕಣ್ಣುಮುಚ್ಚಿ ಇಳಿಸ್ತಿಲ್ಲ.'

'ಅದು ಅಗ್ನಿಶಾಮಕದವರಿಗೆ ಕೊಟ್ಟ ಅಂಕಿ ಸರ್.'

'ಅಂಕಿ ಯಾರಿಗೆ ಕೊಟ್ರೂ ಅಂಕಿಯೇ ಅಲ್ವಾ? ಗಣಿತ ಮುಖ ನೋಡಲ್ಲ ಅಂತ ಸೆಮಿನಾರಲ್ಲಿ ನೀವೇ ಹೇಳಿದ್ರಿ. ನಿಮಗೆ ಬೇಸರ ಆಗೋದು ನನಗೆ ಅರ್ಥವಾಗುತ್ತೆ, ನಿಮ್ಮ ತಂದೆಯವರ ವಿಷಯ ಗೊತ್ತು. ಆದ್ರೆ ಬೇಸರವನ್ನ ನಾನು ಕಡತದಲ್ಲಿ ಬರೆಯೋಕಾಗಲ್ಲ. ಲೆಕ್ಕದಲ್ಲಿ ತಪ್ಪಿದ್ರೆ ತೋರಿಸಿ, ಈಗಲೇ ರದ್ದು ಮಾಡ್ತೀನಿ.'

'ಕಾನೂನಿದೆ.'

'ಕಾನೂನು ಬದಲಾಗಿದೆ. ತುರ್ತು ಪ್ರವೇಶಕ್ಕೆ ಅವಕಾಶ ಇದೆ. ವೈಜ್ಞಾನಿಕ ಆಧಾರ ಇದ್ರೆ.' ಅವರು ಆದೇಶದ ಮೇಲೆ ಬೆರಳಿಟ್ಟರು. 'ಆಧಾರ ನೀವು.'

ಅವಳು ಮಧ್ಯಾಹ್ನವಿಡೀ ತನ್ನ ಸಮೀಕರಣಗಳನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಚಿಹ್ನೆ ಅತ್ತಿತ್ತ ಆಗಿರಲಿ ಎಂದು ಹಂಬಲಿಸಿದಳು. ಎಲ್ಲೂ ಆಗಿರಲಿಲ್ಲ. 4316ರಲ್ಲಿ ಒಂಬತ್ತು ನಿಮಿಷ ಸರಿಯಾಗಿಯೇ ಇತ್ತು. ಸರಿಯಾದ ಲೆಕ್ಕ ಇಷ್ಟು ನಾಚಿಕೆ ತರಬಲ್ಲದೆಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಸಂಜೆ ಅವಳು ಜೋಡುಬಾವಿಗೆ ಹೋದಳು. ಚೌಡಯ್ಯನಿಗೆ ಎಪ್ಪತ್ತೆಂಟು. ಇಪ್ಪತ್ತೆರಡು ವರ್ಷ ಗುಂಡಿಗಿಳಿದು, ಶ್ವಾಸಕೋಶದ ಅರ್ಧ ಅಲ್ಲೇ ಬಿಟ್ಟು ಬಂದವನು. ಮಾತಾಡುವಾಗ ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾನೆ, ಆದರೂ ಮಾತು ಬಿಟ್ಟವನಲ್ಲ. ಮಗಳು ಜಯಶೀಲ ಒಣಮೀನು ಹುರಿಯುತ್ತಿದ್ದಳು. ರಾಚಪ್ಪ ಬಾಗಿಲಲ್ಲೇ ಎದುರಾದ.

'ಬಾ ಅಕ್ಕ, ಬಾ. ನಿನ್ ದಯೆಯಿಂದ ಡ್ರೈವರ್ ಆಯ್ತಾ ಇವ್ನಿ.'

'ಅಂದ್ರೆ?'

'ಒಂದ್ಸಲ ಇಳುದ್ ಬಂದ್ರೆ ಹೀರುಯಂತ್ರದ್ ಡ್ರೈವರ್ ಪೋಸ್ಟ್ ಕೊಡ್ತೀನಿ ಅಂದವ್ರೆ. ಒಂಬತ್ ನಿಮ್ಸ ತಾನೆ. ಹಲ್ಲುಜ್ಜಕ್ಕೇ ಅದಕ್ಕಿಂತ ಜಾಸ್ತಿ ತಕತೀನಿ ನಾನು.'

'ಅದ್ ನಿಜ,' ಒಳಗಿಂದ ಜಯಶೀಲ ಅಂದಳು. 'ಇನ್ನ ತಲೆ ಬಾಚಕ್ ನಿಂತ್ರೆ ಪಾಲಿಕೆ ಎಲೆಕ್ಷನ್ನೇ ಮುಗುದೋಯ್ತದೆ.' ಅವಳ ದನಿಯಲ್ಲಿ ಹಗುರವಿರಲಿಲ್ಲ.

'ನಿಂಗೆ ಭಯ ಇಲ್ವಾ ರಾಚಪ್ಪ?' ನೀಲವೇಣಿ ಕೇಳಿದಳು.

'ಬೇರೇರ್ ಲೆಕ್ಕ ಆಗಿದ್ರೆ ಇರದು. ನಿನ್ ಲೆಕ್ಕ ಅಲ್ವಾ ಅಕ್ಕ?'

ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಚೌಡಯ್ಯ ಗೋಡೆಗೊರಗಿ ಎಲ್ಲ ಕೇಳುತ್ತಿದ್ದ.

'ಯಾಕ್ ಮುಖ ಒಣುಗ್ಸ್ಕಂಡಿದ್ದೀಯ ನೀಲಿ? ಲೆಕ್ಕ ತಪ್ಪಾ?'

'ತಪ್ಪಿಲ್ಲ ಮಾವ. ಅದೇ ಕಷ್ಟ. ಮಧ್ಯಾಹ್ನವೆಲ್ಲಾ ಹುಡುಕ್ದೆ.'

'ನಿನ್ ಕಿವಿ ಯಾವಾಗ್ ಕೇಳ್ತದೆ?'

'ಬೆಳಗ್ಗೆ. ಐದೂಮುಕ್ಕಾಲಿಗೆ.'

'ಅದಲ್ಲ ಕಣವ್ವ.' ಚೌಡಯ್ಯ ಉಸಿರು ತೆಗೆದುಕೊಂಡ. 'ಕೆದಕಿ ಕೇಳ್ತದೋ, ಕೆದಕ್ದೆ ಕೇಳ್ತದೋ?'

ನೀಲವೇಣಿ ಅವನೆದುರು ಕೂತಳು.

'ಗುಂಡಿ ಅನ್ನದು ಮಲಗಿರ ನಾಯಿ ಇದ್ದಂಗೆ. ಸುಮ್ಕಿರೋಗಂಟ ಸುಮ್ಕಿರ್ತದೆ. ನಾವು ಇಳಿಯಕ್ ಮುಂಚೆ ಹಿಂದ್ಲದು ಮುಂದ್ಲದು ಮುಚ್ಳ ತಗುದು, ಹನ್ನೆಲ್ಡ್ ಅಡಿ ಬಿದ್ರು ಇಳ್ಸಿ, ಮೇಲಿಂದ್ಲೆ ಚೆನ್ನಾಗ್ ಕೆದಕ್ತಿದ್ದೊ. ಕೆದಕ್ಬುಟ್ಟು ದೂರ ಓಗಿ ಕೂರದು. ಒಳಗಿಂದ ಏಳ್ತದೆ ನೋಡು, ಕೊಳ್ತ ಮೊಟ್ಟೆ ವಾಸ್ನೆ, ಕಣ್ ಉರಿ. ಅರ್ಧ ಗಂಟೆ ಬುಟ್ಟು ಆಮೇಕೆ ಕಾಲಿಡದು. ವಿಸ ಗಾಳೀಲಿ ಇರಕಿಲ್ಲ ಮಗ, ಕೆಸರಲ್ಲಿ ಇರ್ತದೆ. ಕಾಲು ಇಟ್ಟಾಗ ಎದ್ ಬತ್ತದೆ.'

'ಅಪ್ಪ ಹೋದ ದಿನ?'

ಅವಳು ನಲವತ್ತು ವರ್ಷದಲ್ಲಿ ಇದನ್ನು ಕೇಳಿರಲಿಲ್ಲ. ಎಲ್ಲ ಸಮೀಕರಣಗಳ ಹಿಂದೆ ಇದ್ದ ಒಂದು ಪ್ರಶ್ನೆಯನ್ನು ಮಾತ್ರ ಬಾಯಿಗೆ ತಂದುಕೊಂಡಿರಲಿಲ್ಲ.

'ಅವತ್ತು ಕಂತ್ರಾಟಿ ಕಾಯಕ್ ಬುಡ್ಲಿಲ್ಲ,' ಎಂದ ಚೌಡಯ್ಯ. 'ಮಂತ್ರಿ ಬರದಿತ್ತು ಆ ರೋಡಲ್ಲಿ. ಕೆದಕ್ತಾ ಕೂತ್ರೆ ವಾಸ್ನೆ ಬತ್ತದೆ, ಬೇಗ್ ಇಳೀರಿ ಅಂದ. ಗುಂಡಿ ಸಾಂತವಾಗಿತ್ತು. ನಿಮ್ಮಪ್ಪ ಇಳ್ದ.'

ಒಲೆಯ ಮೇಲಿನ ಮೀನು ಸೀದುಹೋಯಿತು. ಜಯಶೀಲ ಅದನ್ನು ತೆಗೆಯದೆ ನಿಂತಿದ್ದಳು.

ನೀಲವೇಣಿ ಆ ನಿಮಿಷಗಳ ಲೆಕ್ಕದ ಬಗ್ಗೆ ಬರೆದಿದ್ದ ತನ್ನ ಹಳೆಯ ಲೇಖನವನ್ನು ಚೀಲದಿಂದ ತೆಗೆದಳು. ಎಲ್ಲ ಗಣಿತದ ಲೇಖನದಂತೆ ಅದರ ಮೊದಲ ಪುಟದಲ್ಲೂ ಊಹೆಗಳ ಪಟ್ಟಿಯಿತ್ತು. ಒಂದು, ಕೊಳವೆ ದುಂಡಗಿದೆ. ಎರಡು, ಉಷ್ಣಾಂಶ ಸಮನಾಗಿದೆ. ಮೂರು, ಪ್ರವೇಶಿಸುವ ವ್ಯಕ್ತಿಯಿಂದ ವ್ಯವಸ್ಥೆಯಲ್ಲಿ ಯಾವುದೇ ಬದಲಾವಣೆ ಆಗುವುದಿಲ್ಲ. ಲೆಕ್ಕ ಸುಲಭವಾಗಲೆಂದು ಗಣಿತದವರು ಹೀಗೆ ಮಾಡುತ್ತಾರೆ, ಮನುಷ್ಯನನ್ನು ಒಂದು ಚುಕ್ಕೆಯಾಗಿ ಇಡುತ್ತಾರೆ. ಚುಕ್ಕೆಗೆ ಕಾಲಿಲ್ಲ, ತೂಕವಿಲ್ಲ, ಕೆಸರು ಅದಕ್ಕೆ ಗೊತ್ತಾಗುವುದಿಲ್ಲ. ನಾಲ್ಕು ದೇಶದ ಪಂಡಿತರು ಆ ಲೇಖನ ಪರಿಶೀಲಿಸಿದ್ದರು. ಒಬ್ಬನೂ ಮೂರನೆಯ ಊಹೆಯ ಮೇಲೆ ಬೆರಳಿಟ್ಟಿರಲಿಲ್ಲ. ಅವರಾರ ಮನೆಯವರೂ ಗುಂಡಿಗೆ ಇಳಿದಿರಲಿಲ್ಲ. ಅವಳ ಮನೆಯವರು ಇಳಿದಿದ್ದರು, ಆದರೂ ಅವಳು ಬರೆದಿದ್ದಳು.

'ಮಾವ, ಆ ಬಿದಿರು ಇದೆಯಾ?'

'ಅಟ್ಟದಲ್ಲದೆ. ಹಗ್ಗ ಒಣಾಕಕ್ ಬೇಕು ಅಂತಾಳೆ ಇವ್ಳು, ನಾನ್ ಕೊಟ್ಟಿಲ್ಲ.'

ಮಂಗಳವಾರ ಬೆಳಗ್ಗೆ ಬಳೆಗಾರರ ಓಣಿಯಲ್ಲಿ ನೀಲವೇಣಿ, ಚೌಡಯ್ಯನ ಜೊತೆ ಜಬೀನ್ ಕೈಪರದೆ ಹಿಡಿದು ನಿಂತಳು. ಓಣಿ ಎಷ್ಟು ಕಿರಿದೆಂದರೆ ಎದುರುಬದುರು ಮನೆಯವರು ಕಿಟಕಿಯಿಂದ ಕೈ ಚಾಚಿ ಕರಿಬೇವು ಕೊಟ್ಟು ತೆಗೆದುಕೊಳ್ಳುತ್ತಾರೆ. ಹಿಂದಿನ, ಮುಂದಿನ ಮುಚ್ಚಳ ತೆಗೆಸಿ, 4316ರದನ್ನು ಬಿದಿರು ಹೋಗುವಷ್ಟು ಮಾತ್ರ ಸರಿಸಿದರು. ಜನರನ್ನು ಒಳಕ್ಕೆ ಕಳಿಸಿ ಕಿಟಕಿ ಮುಚ್ಚಿಸಿದರು. ಚೌಡಯ್ಯ ಬೆರಳು ಒದ್ದೆ ಮಾಡಿ ಗಾಳಿ ನೋಡಿದ.

'ಗಾಳಿ ಬೆನ್ನಿಗಿರ್ಲಿ. ಆ ಟೀವಿ ಹಿಡ್ಕಂಡಿರವ್ವ ಇತ್ಲಾಗ್ ಬಾ.'

'ಒಂಬತ್ತು,' ಜಬೀನ್ ಓದಿದಳು.

ಚೌಡಯ್ಯ ದೂರದಿಂದಲೇ ಬಿದಿರು ಇಳಿಬಿಟ್ಟು ಮೆಲ್ಲಗೆ ತಿರುವಿದ, ಗಂಜಿ ತಿರುವುವವರ ಹಾಗೆ. ನಂತರ ಮೂವರೂ ದೂರ ಸರಿದರು. ಜಬೀನ್ ಕೈಪರದೆ ಒತ್ತಿದಳು, ಕಿವಿ ಮತ್ತೆ ಸಿಳ್ಳೆ ಹಾಕಿತು.

'ಏಳು. ನಾಲ್ಕು. ಒಂದು.' ಜಬೀನ್ ಗಡಿಯಾರ ನೋಡಿದಳು. 'ಸೊನ್ನೆ. ನಲವತ್ತು ಸೆಕೆಂಡು ಮೇಡಂ. ನಲವತ್ತೇ.'

ಇಪ್ಪತ್ತೈದು ನಿಮಿಷ ಕಾದರು. ಅಂಕಿ ಮೆಲ್ಲಗೆ ಆರಕ್ಕೆ ಏರಿತು. ಚೌಡಯ್ಯ ಒಂದು ಗೇಣು ಕೆಳಕ್ಕೆ ಇಳಿಸಿ ಮತ್ತೆ ಕೆದಕಿದ. ಮತ್ತೆ ಸೊನ್ನೆ. ಮತ್ತೆ ಕಾದರು, ಮತ್ತೆ ಒಂದು ಗೇಣು, ಮತ್ತೆ ಸೊನ್ನೆ. ಅಲ್ಲಿಗೆ ಚೌಡಯ್ಯ ಕೆಮ್ಮಲು ತೊಡಗಿದ. ನೀಲವೇಣಿ ಬಿದಿರು ಕಿತ್ತುಕೊಂಡು ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು.

'ಸಾಕು ಮಾವ. ನಂಗೆ ಬೇಕಾದ್ದು ಸಿಕ್ತು.'

'ಏನ್ ಸಿಕ್ತು?'

'ಒಂದು ಸ್ಥಿರಾಂಕ.'

'ಅದೆಂತದೋ. ಉಸಾರು, ಬೀಳಿಸ್ಕಬ್ಯಾಡ.'

ನಿಯಂತ್ರಣ ಕೊಠಡಿಗೆ ಮರಳಿ ಅವಳು ಮೂರನೆಯ ಊಹೆಯನ್ನು ಅಡ್ಡಗೆರೆ ಎಳೆದು ಹೊಡೆದಳು. ಸಮೀಕರಣಕ್ಕೆ ಹೊಸ ಪದವೊಂದನ್ನು ಸೇರಿಸಿದಳು: ಕಾಲಿನ ಅಗಲ, ಮೈಯ ತೂಕ, ಗಡ್ಡೆಯ ದಪ್ಪ, ಕಲಕಿದಷ್ಟು ಹೊತ್ತು. ಚುಕ್ಕೆ ಮನುಷ್ಯನಾಯಿತು. ನಂತರ ಹನ್ನೊಂದು ಸಾವಿರದ ನಾನೂರು ಮುಚ್ಚಳಗಳಿಗೂ ಲೆಕ್ಕ ಓಡಿಸಿದಳು. ಗಣಕಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಜಬೀನ್ ಮನೆಗೆ ಹೋಗದೆ ಕೂತಿದ್ದಳು, ಡಬ್ಬಿಯ ಅವಲಕ್ಕಿ ಇಬ್ಬರಿಗೂ ಆಯಿತು.

ಐದು ಗಂಟೆಗೆ ಪರದೆ ತುಂಬಿತು. ಜಬೀನ್ ಮೇಲಿಂದ ಕೆಳಗೆ ಓದಿದಳು, ಮತ್ತೆ ಓದಿದಳು.

'ಮೇಡಂ, ಒಂದು ವಿಚಿತ್ರ. ಗಡ್ಡೆ ಇರೋ ಕಡೆ ಎಲ್ಲಾ ಸೊನ್ನೆ. ಒಂದೂ ಬಿಡದೆ. ನಿಮಿಷ ಸಿಗ್ತಿರೋದು ಗಡ್ಡೆ ಇಲ್ಲದ ಕಡೆ ಮಾತ್ರ.'

'ಹೌದು.'

'ಗಡ್ಡೆ ಇಲ್ಲದ ಕಡೆ ಯಾಕ್ರೀ ಇಳೀತಾರೆ?'

ನೀಲವೇಣಿ ಪೆನ್ನು ಕೆಳಗಿಟ್ಟಳು. ತನ್ನ ವೃತ್ತಿಯಲ್ಲಿ ಅವಳು ಹಲವು ಪ್ರಮೇಯಗಳನ್ನು ಸಾಧಿಸಿದ್ದಳು. ಇಷ್ಟು ಚಿಕ್ಕದು ಯಾವುದೂ ಇರಲಿಲ್ಲ. ಇಳಿಯಬೇಕಾದ ಕಡೆ ಇಳಿಯುವಂತಿಲ್ಲ, ಇಳಿಯಬಹುದಾದ ಕಡೆ ಇಳಿಯುವ ಕೆಲಸವೇ ಇಲ್ಲ. ಕಾವಲಗೆರೆಯ ಅಂಕಿಗಳಿಗಷ್ಟೇ ಅಲ್ಲ, ಎಲ್ಲ ಊರಿಗೂ, ಎಲ್ಲ ಗುಂಡಿಗೂ. ಅವಳು ಅದನ್ನು ಎರಡು ಪುಟದಲ್ಲಿ ಸಾಧಿಸಿ ಬರೆದಳು. ಬರೆದು ಮುಗಿದಾಗ, ಬಹಳ ವರ್ಷಗಳ ಮೇಲೆ, ಹಸಿವಾಗುವುದು ಎಷ್ಟು ಒಳ್ಳೆಯದೆಂದು ಅನಿಸಿತು.

ಬುಧವಾರ ಹತ್ತಕ್ಕೆ ಓಣಿಯಲ್ಲಿ ವಿಶ್ವಂಭರ, ಇಬ್ಬರು ಮೇಸ್ತ್ರಿಗಳು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ರಾಚಪ್ಪ ನಿಂತಿದ್ದರು. ಮುಚ್ಚಳ ತೆಗೆದಾಗಿತ್ತು. ಒಳಗೆ ನೀರು ಕಪ್ಪಗೆ, ಅಲ್ಲಾಡದೆ, ಸಾಧುವಾಗಿತ್ತು. ನೀಲವೇಣಿ, ಜಬೀನ್ ಬಂದರು. ಹಿಂದೆ ಚೌಡಯ್ಯ ನಿಂತು ನಿಂತು ಬರುತ್ತಿದ್ದ.

'ತಪ್ಪು ತೋರಿಸಿ ಅಂದ್ರಿ ಸರ್,' ಎಂದು ನೀಲವೇಣಿ ಎರಡು ಹಾಳೆ ಚಾಚಿದಳು. 'ತೋರಿಸ್ತಿದೀನಿ. ತಪ್ಪು ನಂದು.'

ವಿಶ್ವಂಭರ ಕನ್ನಡಕ ಹಾಕಿಕೊಂಡು ಅಲ್ಲೇ ನಿಂತು ಓದಿದರು. ಅವರು ಓದಬಲ್ಲವರು, ಅದು ಅವರ ಒಳ್ಳೆಯ ಗುಣ. ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ಹೋದರು, ಮತ್ತೆ ಮೊದಲಿಗೆ ಬಂದರು.

'ಈ ಸ್ಥಿರಾಂಕ ಎಲ್ಲಿಂದ ತಗೊಂಡ್ರಿ? ಯಾವ ಪುಸ್ತಕದಲ್ಲೂ ಇಲ್ಲ ಇದು.'

'ನಿನ್ನೆ ಇದೇ ಗುಂಡೀಲಿ ಅಳೆದದ್ದು. ಮೂರು ಸಲ. ಮಾವನ ಬಿದಿರಿಂದ.'

ವಿಶ್ವಂಭರ ಚೌಡಯ್ಯನತ್ತ ನೋಡಿದರು. 'ಸರಿ. ಹಾಗಿದ್ರೆ ಹಿಂದಿನವರ ಥರಾನೇ ಮಾಡೋಣ. ಮೇಲಿಂದ ಕೆದಕಿ, ಅರ್ಧ ಗಂಟೆ ಬಿಟ್ಟು ಇಳಿಸೋಣ. ಇವರೇ ಹಾಗೆ ಬದುಕಿದಾರಲ್ಲ.'

ಉತ್ತರ ಹೇಳಲು ನೀಲವೇಣಿ ಬಾಯಿ ತೆರೆದಳು. ಚೌಡಯ್ಯ ಕೈ ಅಡ್ಡ ಹಿಡಿದ.

'ನಾನು ಬದ್ಕಿವ್ನಿ ಸಾರ್. ನನ್ ಜೊತೆ ಕೆದಕಿ, ಕಾದು, ಇಳ್ದೋರು ಏಳ್ ಜನ. ಅವ್ರ್ ಮನೆ ತೋರುಸ್ಲಾ? ಬಿದ್ರು ಕೆದಕದು ಮೇಲಿಂದು. ಕಾಲು ಅದ್ರ ಕೆಳಗುಂದು ಕೆದಕ್ತದೆ. ಅದ್ರ ಕೆಳಗೆ ಇನ್ನೊಂದದೆ. ಅರ್ಧ ಗಂಟೆ ಕಾದೋರು ಸಾಯಲ್ಲ ಅಂತ ಅಲ್ಲ. ವಸಿ ಕಮ್ಮಿ ಸಾಯ್ತಾರೆ.'

'ಎರಡನೇ ಪುಟದ ಮಧ್ಯದಲ್ಲಿದೆ,' ಎಂದಳು ನೀಲವೇಣಿ. 'ಪದರ ಎಷ್ಟಿದ್ರೂ ಅದೇ ಉತ್ತರ.'

ವಿಶ್ವಂಭರ ಎರಡನೆಯ ಪುಟದ ಮಧ್ಯವನ್ನು ಓದಿದರು. ಓಣಿಯಲ್ಲಿ ಯಾವುದೋ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಅವರು ಜೇಬಿನಿಂದ ಪೆನ್ನು ತೆಗೆದು, ಆದೇಶದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಸಹಿ ಮಾಡಿ, ದಿನಾಂಕ ಹಾಕಿದರು.

'ಉಳಿದ ಮೂವತ್ತೇಳೂ ಇವತ್ತೇ ರದ್ದಾಗುತ್ತೆ,' ಎಂದರು. 'ಆದ್ರೆ ಡಾಕ್ಟರೇ, ಈ ನಲವತ್ತು ಮನೆ?'

'ಗಡ್ಡೆ ಇರೋದು ಇಲ್ಲಿಂದ ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರಲ್ಲಿ. ಗೇಣು ಆಚೀಚೆ ಇಲ್ಲ. ಅಷ್ಟು ಉದ್ದದ ಪೈಪು, ತುದಿಯಲ್ಲಿ ಜೋರು ನೀರು ಇದ್ರೆ ಸಾಕು.'

'ಲಾರಿ ಬರಲ್ಲ ಇಲ್ಲಿಗೆ.'

'ಸರ್,' ಎಂದಳು ಜಬೀನ್, 'ಪುರಭವನದ ಮೆಟ್ಟಿಲು ತೊಳಿಯೋಕೆ ಒಂದು ಜೆಟ್ ಗಾಡಿ ಇದೆ. ತಳ್ಳುಗಾಡಿ ಅಷ್ಟೇ ಅಗಲ. ಪೈಪು ಇಪ್ಪತ್ತು ಮೀಟರ್. ವಾರಕ್ಕೊಂದ್ಸಲ ಮೆಟ್ಟಿಲು ತೊಳೀತಾರೆ, ಉಳಿದ ದಿನ ಕವರ್ ಹಾಕಿ ನಿಲ್ಸಿರ್ತಾರೆ.'

ಆ ಗಾಡಿ ಹತ್ತು ವರ್ಷದಿಂದ ಊರಲ್ಲೇ ಇತ್ತು. ಅದನ್ನು ಓಣಿಗೆ ತರಬಹುದೆಂದು ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯ ಬಿದ್ದಿರಲಿಲ್ಲ, ರಾಚಪ್ಪ ಇದ್ದ.

'ತರಿಸಿ,' ಎಂದರು ವಿಶ್ವಂಭರ ಮೇಸ್ತ್ರಿಗೆ.

ರಾಚಪ್ಪ ಇನ್ನೂ ಹಗ್ಗ ಬಿಚ್ಚಿರಲಿಲ್ಲ. 'ಸಾರ್,' ಎಂದ, 'ಇಳುದ್ರೆ ಡ್ರೈವರ್ ಪೋಸ್ಟ್ ಅಂದಿದ್ರಿ. ಇಳೀಲಿಲ್ಲ. ಅಂಗಾರೆ ಪೋಸ್ಟೂ ಇಲ್ವಾ?'

ವಿಶ್ವಂಭರ ಕನ್ನಡಕ ಒರೆಸಿದರು.

'ಆ ಜೆಟ್ ಗಾಡಿ ನಡೆಸೋರು ಯಾರು ಸರ್?' ನೀಲವೇಣಿ ಕೇಳಿದಳು.

'ಖಾಯಂ ಅಂತ ಯಾರೂ ಇಲ್ಲ.'

'ಮೂವತ್ತೆಂಟು ಓಣಿಗೆ ಇನ್ಮೇಲೆ ಬೇಕಾಗುತ್ತೆ. ಹೆಸರು ಬರೀರಿ. ನಲವತ್ತೊಂದು ಜನ ಸ್ವಯಂಪ್ರೇರಣೆಯಿಂದ ಮುಂದೆ ಬಂದಿದಾರೆ, ಪಟ್ಟಿ ನಿಮ್ಮ ಮೇಜಿನ ಮೇಲೇ ಇದೆ. ಅವರನ್ನ ಬಿಟ್ಟು ಬೇರೆ ಕೇರಿಯವರನ್ನ ತಗೊಂಡ್ರೆ ನಾನು ಸುಮ್ನಿರಲ್ಲ. ಅದೂ ಒಂದು ಲೆಕ್ಕವೇ, ಅದನ್ನೂ ಮಾಡಿ ತೋರಿಸ್ತೀನಿ.'

'ಬೇಡ,' ಎಂದರು ವಿಶ್ವಂಭರ. ಬೆಳಗಿನಿಂದ ಮೊದಲ ಬಾರಿ ನಕ್ಕರು. 'ನಿಮ್ಮ ಲೆಕ್ಕ ಒಂದು ವಾರಕ್ಕೆ ಒಂದು ಸಾಕು.' ರದ್ದಾದ ಆದೇಶದ ಬೆನ್ನಿಗೇ ಬರೆದರು: ಜೆಟ್ ಯಂತ್ರ ಚಾಲಕ, ರಾಚಪ್ಪ.

ಗಾಡಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ರಾಚಪ್ಪ ಪೈಪಿನ ಮೇಲೆ ಹನ್ನೊಂದು ಮೀಟರ್ ನಲವತ್ತರ ಹತ್ತಿರ ಕೆಂಪು ಬಟ್ಟೆ ಕಟ್ಟಿ, ರಸ್ತೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಪೈಪನ್ನು ಒಳಕ್ಕೆ ಬಿಡತೊಡಗಿದ.

'ಮೆತ್ತಗೆ ಬುಡ್ಲಾ. ಮದ್ವೆ ಮನೇಲಿ ಸಾರು ಬಡ್ಸೋನಂಗೆ ಸುರೀಬ್ಯಾಡ,' ಎಂದ ಚೌಡಯ್ಯ.

'ಮಾವ, ನಿಮ್ಗೆ ಪೆನ್ಸನ್ ಬಂದಾಗೈತೆ. ಸುಮ್ಕೆ ಕೂತ್ಕಳಿ.'

ಕೆಂಪು ಬಟ್ಟೆ ಮುಚ್ಚಳದ ಅಂಚಿಗೆ ಬಂತು. ರಾಚಪ್ಪ ಗಾಡಿಯ ಬಟನ್ ಒತ್ತಿದ. ನೆಲದಡಿ ಏನೋ ಗುಡುಗಿತು, ನಿಂತಿತು, ಮತ್ತೆ ಗುಡುಗಿತು. ನಂತರ ಏನೂ ಇಲ್ಲ. ನೀಲವೇಣಿ ಕೈಪರದೆ ನೋಡಲಿಲ್ಲ. ಎಲ್ಲರ ಹಾಗೆ ಅವಳೂ ಮನೆಗಳ ಕಡೆ ಮುಖ ಮಾಡಿ ನಿಂತಳು.

ಮೊದಲು ಮೂಲೆಮನೆಯ ಮುದುಕಿ ಕಿಟಕಿ ತೆರೆದಳು. 'ಬಚ್ಚಲಲ್ಲಿ ಗುಳುಗುಳು ಅಂತೈತೆ.'

'ನಮ್ಮನೇದು ಇಳೀತಾ ಐತೆ,' ಎದುರುಮನೆಯಿಂದ ಯಾರೋ ಕೂಗಿದರು.

'ನಮ್ದು ಹೋಯ್ತು.'

'ನಮ್ದೂ ಹೋಯ್ತು. ಎಲ್ಲಾ ಹೋಯ್ತು.'

ಓಣಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ತೆರೆದವು. ಹೆಂಗಸರು ಬಚ್ಚಲಿಂದ ಬಾಗಿಲಿಗೆ, ಬಾಗಿಲಿಂದ ಬಚ್ಚಲಿಗೆ ಓಡಾಡಿದರು. ಕೊನೆಯ ಮನೆಯವಳು ಮಾತ್ರ, ನಮ್ದು ಇನ್ನೂ ಇಲ್ಲ ಎಂದು ಐದು ನಿಮಿಷ ಎಲ್ಲರನ್ನೂ ಕಾಯಿಸಿ, ಆಮೇಲೆ, ಹೋಯ್ತು, ನಾನೇ ಬಚ್ಚಲಿಗೆ ಮುಚ್ಚಳ ಹಾಕಿಟ್ಟಿದ್ದೆ ಎಂದು ಹಣೆ ಬಡಿದುಕೊಂಡಳು.

ಮಧ್ಯಾಹ್ನ ಜೋಡುಬಾವಿಯ ಮನೆಯ ಹಿತ್ತಿಲಲ್ಲಿ ಜಯಶೀಲ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಎರಡು ಸೋಪು, ಸೀಗೆಪುಡಿ, ಬೇರೆ ಬಟ್ಟೆ ಇಟ್ಟುಕೊಂಡು ಕಾದಿದ್ದಳು. ಅವಳ ಅವ್ವ ಅವಳ ಅಪ್ಪನಿಗಾಗಿ ಹೀಗೆ ಕಾಯುತ್ತಿದ್ದಳು. ಗುಂಡಿಯಿಂದ ಬಂದ ಗಂಡಸು ಮುಂಬಾಗಿಲಿಂದ ಒಳಗೆ ಬರುವುದಿಲ್ಲ, ಮೂರು ಸಲ ಮೈತೊಳೆಯದೆ ತಟ್ಟೆ ಮುಟ್ಟುವುದಿಲ್ಲ, ತೊಳೆದ ಮೇಲೂ ಊಟ ಸೇರುವುದಿಲ್ಲ.

ರಾಚಪ್ಪ ಮುಂಬಾಗಿಲಿಂದಲೇ ಒಳಗೆ ಬಂದ. ಹಿಂದೆ ಚೌಡಯ್ಯ, ನೀಲವೇಣಿ. ಜಯಶೀಲ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಬೆಳಗ್ಗೆ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಅಂಗಿಯ ಮಡಿಕೆ ಹಾಗೇ ಇತ್ತು.

'ನೀರ್ ಕಾದದೆ,' ಎಂದಳು, ಬೇರೇನು ಹೇಳಬೇಕೆಂದು ತೋಚದೆ.

'ನೀನೇ ಉಯ್ಕೊ,' ಎಂದ ರಾಚಪ್ಪ. ಕೈ ಮಾತ್ರ ತೊಳೆದುಕೊಂಡು ತಟ್ಟೆಯ ಮುಂದೆ ಕೂತ. 'ಹಸೀತಾ ಅದೆ, ಮೊದ್ಲು ಬಡ್ಸು.'